300 ಷೇರು ಇಟ್ಟುಕೊಂಡವರು ಇಯರ್‌ಬಡ್ ಕಂಪನಿಯ ಬಾಗಿಲು ತಟ್ಟಬಹುದಾ?

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನನ್ನದೊಂದು ಮೊಬೈಲ್ ಸಾಮಾನಿನ ಅಂಗಡಿ ಇದೆ. ಚಾರ್ಜರ್, ಕವರ್, ನೆಕ್‌ಬ್ಯಾಂಡ್, ಇಯರ್‌ಬಡ್ ಮಾರುತ್ತೇನೆ. ಒಂದು ಬ್ರ್ಯಾಂಡಿನ ಇಯರ್‌ಬಡ್ ಚೆನ್ನಾಗಿ ಓಡುತ್ತಿತ್ತು. ಅದರ ಕಂಪನಿ ಮುಂಬೈ ಷೇರುಪೇಟೆ ಬಿಎಸ್‌ಇಯಲ್ಲಿದೆ ಎಂದು ತಿಳಿದು 300 ಷೇರು ತೆಗೆದುಕೊಂಡೆ. ಈಗ ಬೆಲೆ ಅರ್ಧಕ್ಕೆ ಬಂದಿದೆ. ಕಂಪನಿಯ ಆಫೀಸು, ಕಾರ್ಖಾನೆ ಎರಡೂ ಹೈದರಾಬಾದ್‌ನಲ್ಲಿವೆ. ಸರಕು ತರಲು ನಾನು ಹೇಗೂ ಅಲ್ಲಿಗೆ ಹೋಗುತ್ತಿರುತ್ತೇನೆ. ಒಮ್ಮೆ ಕಂಪನಿಗೇ ಹೋಗಿ ನೋಡಿ ಬರೋಣ ಅನ್ನಿಸಿದೆ. ಒಳಗೆ ಬಿಡುತ್ತಾರಾ? ಷೇರುದಾರನಿಗೆ ಹಾಗೆ ಹೋಗುವ ಹಕ್ಕಿದೆಯಾ? ಏನು ಕೇಳಬೇಕು? ಅವರು ಹೇಳಿದ್ದನ್ನು ನಂಬಿ ಇನ್ನಷ್ಟು ಷೇರು ಕೊಂಡರೆ ತಪ್ಪಾಗುತ್ತದಾ? ಮಗ ಮಾತ್ರ "ಅಪ್ಪಾ, ನಿಮ್ಮನ್ನ ವಾಚ್‌ಮನ್ನೇ ವಾಪಸ್ ಕಳಿಸ್ತಾನ" ಎಂದು ನಗುತ್ತಾನೆ. ಆದರೂ ತಾನೂ ಬರುತ್ತೇನೆ ಎನ್ನುತ್ತಿದ್ದಾನೆ.

ಉತ್ತರ: ಹೋಗ್ರಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಹೋಗುವ ಮುಂಚೆ ನಿಮ್ಮ ಕೌಂಟರ್ ಕೆಳಗೆ ಒಮ್ಮೆ ಬಗ್ಗಿ ನೋಡಿ. ಗಿರಾಕಿಗಳು ವಾಪಸ್ ಕೊಟ್ಟ ಬಾಕ್ಸ್‌ಗಳು ಅಲ್ಲಿ ಬಿದ್ದಿರುತ್ತವಲ್ಲ, ಅವನ್ನು ಮೇಲೆ ತೆಗೆದಿಡಿ. ಮುಂಬೈಯಲ್ಲಿ ಕೂತು ಈ ಕಂಪನಿಯ ಬಗ್ಗೆ ವರದಿ ಬರೆಯುವವರ ಕೈಗೆ ಸಿಗದ ಮಾಹಿತಿ ಅದು.

ಪ್ರತಿ ಬಾಕ್ಸಿನ ಮೇಲೆ ತಯಾರಾದ ತಿಂಗಳು, ವರ್ಷ ಇರಲೇಬೇಕು. ಪೊಟ್ಟಣ ಮಾಡಿ ಮಾರುವ ಸರಕಿಗೆ 2011ರ ತೂಕ-ಅಳತೆ ನಿಯಮಗಳು ಹಾಗೆ ಹೇಳುತ್ತವೆ. ಈ ವಾರ ಡಿಸ್ಟ್ರಿಬ್ಯೂಟರ್ ಕಳಿಸಿದ ಹೊಸ ಸರಕಿನ ತಾರೀಖು ನೋಡಿ. ಎರಡು ಮೂರು ತಿಂಗಳ ಹಿಂದಿನದಾದರೆ ಸರಕು ಓಡುತ್ತಿದೆ. ಹತ್ತು, ಹನ್ನೆರಡು ತಿಂಗಳ ಹಳೆಯದಾದರೆ ಎಲ್ಲೋ ಗೋಡೌನಿನಲ್ಲಿ ಕೂತು ಬಂದಿದೆ. ಕಂಪನಿ ತನ್ನ ಲೆಕ್ಕದಲ್ಲಿ "ಮಾರಾಟವಾಯಿತು" ಎಂದು ಬರೆದುಕೊಂಡ ಸರಕು ಡಿಸ್ಟ್ರಿಬ್ಯೂಟರ್ ಮನೆಯಲ್ಲೇ ಉಳಿದಿರಬಹುದು ಎನ್ನುವುದಕ್ಕೆ ಇದೊಂದು ಸುಳಿವು. ನಿಮ್ಮ ಒಂದು ಅಂಗಡಿಯಿಂದ ಇಡೀ ಕಂಪನಿಯ ತೀರ್ಪು ಕೊಡಲಾಗದು, ನಿಜ. ಆದರೆ ಕೇಳಲು ಒಂದು ಗಟ್ಟಿ ಪ್ರಶ್ನೆ ಸಿಕ್ಕಿತು, ಅಲ್ವಾ?

ವಾಪಸ್ ಬಂದ ಸರಕಿಗೂ ಇದಕ್ಕೂ ನಂಟಿದೆ. ಇಯರ್‌ಬಡ್‌ನ ಒಂದೊಂದು ಬಡ್‌ನಲ್ಲಿ ಇರುವುದು 30ರಿಂದ 60 ಎಂಎಎಚ್‌ನ ಪುಟ್ಟ ಲಿಥಿಯಂ ಸೆಲ್. ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದರೆ ಅದರ ವೋಲ್ಟೇಜ್ ತೀರಾ ಕೆಳಗಿಳಿದು ಸೆಲ್ ಸತ್ತೇ ಹೋಗಬಹುದು. ಗಿರಾಕಿ ಬಂದು "ಒಂದು ಕಡೆ ಚಾರ್ಜೇ ಆಗ್ತಿಲ್ರಿ" ಅನ್ನುತ್ತಾನೆ. ನಾವು ಕಳಪೆ ಮಾಲು ಎಂದುಕೊಳ್ಳುತ್ತೇವೆ. ಕೆಲವೊಮ್ಮೆ ಅದು ಬರೀ ಹಳೇ ಮಾಲು. ಅದಕ್ಕೇ ವಾಪಸ್ ಬಂದ ಬಾಕ್ಸಿನ ದೂರು ಮತ್ತು ತಯಾರಾದ ತಿಂಗಳು ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿಡಿ.

ಬಾಕ್ಸಿನ ಮೇಲೆ ಇನ್ನೊಂದು ಸಂಗತಿ ಇದೆ. ಸರಕಿನ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಗುರುತಿನ ಕೆಳಗೆ "ಆರ್" ಅಕ್ಷರದಿಂದ ಶುರುವಾಗುವ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಇದು ಬ್ರ್ಯಾಂಡಿಗೆ ಕೊಟ್ಟ ಸಂಖ್ಯೆ ಅಲ್ಲ, ತಯಾರಿಸಿದ ಕಾರ್ಖಾನೆಗೆ ಕೊಟ್ಟದ್ದು. ಫೋನಿನಲ್ಲಿ ಬಿಐಎಸ್ ಕೇರ್ ಆಪ್ ಹಾಕಿಕೊಂಡು ಆ ಸಂಖ್ಯೆ ಕೊಡಿ. ಯಾವ ಕಾರ್ಖಾನೆ, ಯಾವ ವಿಳಾಸ ಎಂದು ತೋರಿಸುತ್ತದೆ. "ನಮ್ಮದೇ ಹೈದರಾಬಾದ್ ಕಾರ್ಖಾನೆಯಲ್ಲಿ ತಯಾರು" ಎಂದು ವಾರ್ಷಿಕ ವರದಿಯಲ್ಲಿ ಬರೆದಿದ್ದು, ಆಪ್‌ನಲ್ಲಿ ನೋಯ್ಡಾದ ಬೇರೊಬ್ಬರ ಹೆಸರೋ ಚೀನಾದ ಶೆಂಜೆನ್ ವಿಳಾಸವೋ ಬಂದರೆ, ಹೈದರಾಬಾದ್‌ಗೆ ಹೋಗಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ನೀವು ಮಾರುವ ನಾಲ್ಕೈದು ಮಾಡೆಲ್‌ಗಳ ಸಂಖ್ಯೆಯನ್ನೂ ಹೀಗೆ ನೋಡಿಬಿಡಿ. ಒಂದು ಮಾಡೆಲ್ ಅವರದೇ ಇದ್ದು ಉಳಿದವು ಬೇರೆಯವರದಾಗಿರುವುದೂ ಉಂಟು.

ಈಗ ಹಕ್ಕಿನ ವಿಷಯ. 300 ಷೇರು ಇರಲಿ, 3 ಲಕ್ಷ ಇರಲಿ, ಕಾರ್ಖಾನೆಯೊಳಗೆ ಕಾಲಿಡುವ ಹಕ್ಕು ಯಾವ ಷೇರುದಾರನಿಗೂ ಇಲ್ಲ. ಷೇರು ನಿಮ್ಮದು, ಕಾರ್ಖಾನೆ ಕಂಪನಿಯದು. ಕಾನೂನಿನ ಕಣ್ಣಿಗೆ ಕಂಪನಿ ಬೇರೆಯೇ ಒಬ್ಬ ವ್ಯಕ್ತಿ. ಲೆಕ್ಕದ ಪುಸ್ತಕ ತೆಗೆಸಿ ನೋಡುವ ಹಕ್ಕೂ ನಿಮಗಿಲ್ಲ, ಬೋರ್ಡ್ ಮೀಟಿಂಗಿನ ನಡಾವಳಿಯೂ ಸಿಗುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಗ ಹೇಳಿದ್ದು ಸರಿ.

ಆದರೆ ವಾಚ್‌ಮನ್ ತಡೆಯಲಾಗದ ಕೆಲವು ಹಕ್ಕುಗಳೂ ಇವೆ. ಷೇರು ಕಾಗದದಲ್ಲಿಲ್ಲದೆ ಡಿಮ್ಯಾಟ್ ಖಾತೆಯಲ್ಲಿದ್ದರೂ ನೀವು ಕಂಪನಿಯ ಸದಸ್ಯರೇ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 94ರ ಪ್ರಕಾರ ಸದಸ್ಯರ ರಿಜಿಸ್ಟರ್ ಮತ್ತು ವಾರ್ಷಿಕ ರಿಟರ್ನ್‌ಗಳನ್ನು ಶುಲ್ಕ ಕೊಡದೆ ನೋಡಬಹುದು. ಸೆಕ್ಷನ್ 119ರ ಪ್ರಕಾರ ಹಿಂದಿನ ಷೇರುದಾರರ ಸಭೆಗಳ ನಡಾವಳಿ ನೋಡಬಹುದು. ಅದರ ಪ್ರತಿ ಕೇಳಿದರೆ 7 ಕೆಲಸದ ದಿನಗಳೊಳಗೆ ಕೊಡಬೇಕು. ನನ್ನ ಪ್ರಕಾರ ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಸೆಕ್ಷನ್ 189. ಡೈರೆಕ್ಟರ್‌ಗಳಿಗೆ ಹಿತಾಸಕ್ತಿ ಇರುವ ಒಪ್ಪಂದಗಳನ್ನು ಬರೆದಿಡುವ ಒಂದು ರಿಜಿಸ್ಟರ್ ಕಂಪನಿಯ ನೋಂದಾಯಿತ ಕಚೇರಿಯಲ್ಲಿ ಇರಬೇಕು, ಆಫೀಸು ವೇಳೆಯಲ್ಲಿ ಯಾವ ಸದಸ್ಯ ಬಂದು ಕೇಳಿದರೂ ತೋರಿಸಬೇಕು. ಈ ಧಂದೆಯಲ್ಲಿ ಬಿಡಿಭಾಗಗಳು ಬಹುಪಾಲು ಹೊರದೇಶದಿಂದ ಬರುತ್ತವೆ. ಆ ಬಿಡಿಭಾಗ ತರಿಸಿಕೊಡುವ ಕಂಪನಿ ಮಾಲೀಕರ ಅಳಿಯನದೋ ತಮ್ಮನದೋ ಆಗಿದ್ದರೆ, ಲಾಭ ಎಲ್ಲಿ ನಿಲ್ಲುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಲಿಸ್ಟೆಡ್, ಅಂದರೆ ಷೇರುಪೇಟೆಯಲ್ಲಿರುವ, ಕಂಪನಿಯಲ್ಲಿ ಕಂಪನಿ ಸೆಕ್ರೆಟರಿ ಕೆಲಸ ಮಾಡಿದವನು. ಷೇರುದಾರರ ಪತ್ರಗಳನ್ನು ಮೇಜಿನ ಆ ಬದಿಯಲ್ಲಿ ಕೂತು ಓದಿದ್ದೇನೆ. ಹೆಚ್ಚಿನವು ಎರಡೇ ಬಗೆ. ಒಂದು, "ಷೇರು ಯಾಕೆ ಬಿತ್ತು, ಯಾವಾಗ ಏಳುತ್ತದೆ?" ಇನ್ನೊಂದು, ಬರೀ ಬೈಗುಳ. ಎರಡಕ್ಕೂ ಸಿಗುವುದು ಟೈಪ್ ಮಾಡಿಟ್ಟ ಒಂದೇ ಉತ್ತರ. "ನಾನು ನಿಮ್ಮ ಸರಕು ಮಾರುವ ಅಂಗಡಿಯವನು, ಷೇರುದಾರನೂ ಹೌದು, ವಾರಂಟಿ ಬಗ್ಗೆ ನನ್ನ ಹತ್ತಿರ ಒಂದಷ್ಟು ಲೆಕ್ಕ ಇದೆ, ಅರ್ಧ ಗಂಟೆ ಸಮಯ ಕೊಡಿ, ಸಾಧ್ಯವಾದರೆ ಕಾರ್ಖಾನೆ ತೋರಿಸಿ" ಎಂಬ ಪತ್ರ ಬಂದರೆ ಮಾತೇ ಬೇರೆ. ಅದನ್ನು ನಾನು ಖಂಡಿತ ಮೇಲಿನವರ ಮೇಜಿಗೆ ಕಳಿಸುತ್ತಿದ್ದೆ. ಕಂಪನಿ ಸೆಕ್ರೆಟರಿಯ ಹೆಸರಿಗೇ ಬರೆಯಿರಿ. ಹೂಡಿಕೆದಾರರ ದೂರಿಗೆಂದು ಒಂದು ಇಮೇಲ್ ವಿಳಾಸವನ್ನು ಲಿಸ್ಟೆಡ್ ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು, ಅದಕ್ಕೆ ಕಳಿಸಿ. ನಿಮ್ಮ ಡಿಮ್ಯಾಟ್ ಖಾತೆಯ ಡಿಪಿ ಐಡಿ, ಕ್ಲೈಂಟ್ ಐಡಿ, ಷೇರಿನ ಸಂಖ್ಯೆ ಬರೆದರೆ ಸಾಕು. ತಾರೀಖು ಅವರಿಗೇ ಬಿಡಿ. ಆದರೆ ತ್ರೈಮಾಸಿಕ ಮುಗಿದು ಫಲಿತಾಂಶ ಬರುವ ತನಕದ ದಿನಗಳು ಬೇಡ. ಆಗ ಯಾರೂ ಬಾಯಿ ಬಿಡುವುದಿಲ್ಲ, ಬಿಡಲೂಬಾರದು.

ಪತ್ರ ಹಾಕಿದ ಮೇಲೆ ವಾರ್ಷಿಕ ವರದಿ ಓದಲು ಕೂತುಕೊಳ್ಳಿ. ಇಡೀ ವರದಿ ಬೇಡ. ಮುಂದಿನ ಬಣ್ಣದ ಪುಟಗಳನ್ನು ಧಾರಾಳವಾಗಿ ಹಾರಿಸಿ. ಸೆಗ್ಮೆಂಟ್, ಅಂದರೆ ವ್ಯವಹಾರದ ವಿಭಾಗಗಳ ಲೆಕ್ಕ, ಎಂಬ ಟಿಪ್ಪಣಿ ಹುಡುಕಿ. ಒಬ್ಬನೇ ಗಿರಾಕಿಯಿಂದ ಆದಾಯದ 10 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದನ್ನು ಅಲ್ಲಿ ಹೇಳಬೇಕು ಎಂದು ಲೆಕ್ಕಪತ್ರದ ಮಾನದಂಡ 108 ಹೇಳುತ್ತದೆ. ಹೆಸರು ಹೇಳಬೇಕಿಲ್ಲ, ಮೊತ್ತ ಹೇಳಬೇಕು. ಆಮೇಲೆ ಸರಕಿನ ದಾಸ್ತಾನು ಮತ್ತು ಬರಬೇಕಾದ ಬಾಕಿ. ಮಾರಾಟ ಏರದೆ ಇವೆರಡೂ ಏರಿದ್ದರೆ ನಿಮ್ಮ ಹಳೇ ಬಾಕ್ಸ್‌ಗಳ ಕತೆಗೆ ಜೋಡಿ ಸಿಕ್ಕಿತು. ವಾರಂಟಿಗೆ ಎಷ್ಟು ಹಣ ಎತ್ತಿಟ್ಟಿದ್ದಾರೆ ನೋಡಿ. ನಿಮ್ಮಲ್ಲಿ ನೂರಕ್ಕೆ ಎಂಟು ವಾಪಸ್ ಬರುತ್ತಿದ್ದು, ಅವರು ಒಂದಕ್ಕೂ ಸಾಲದಷ್ಟು ಎತ್ತಿಟ್ಟಿದ್ದರೆ ಕೇಳಲೇಬೇಕಾದ ಪ್ರಶ್ನೆ ಅದು. ಕೊನೆಗೆ ಬೋರ್ಡಿನ ವರದಿಯಲ್ಲಿ ತಂತ್ರಜ್ಞಾನ, ವಿದೇಶಿ ವಿನಿಮಯ ಎಂಬ ಒಂದು ಚಿಕ್ಕ ಭಾಗ ಇರುತ್ತದೆ. ಸಂಶೋಧನೆಗೆ ಎಷ್ಟು ಖರ್ಚಾಯಿತು, ಹೊರದೇಶಕ್ಕೆ ಎಷ್ಟು ಹಣ ಹೋಯಿತು ಎಂದು ಅಲ್ಲಿ ಇರುತ್ತದೆ. "ನಾವು ಆಡಿಯೋ ತಂತ್ರಜ್ಞಾನ ಕಂಪನಿ" ಎಂದು ಮುಖಪುಟದಲ್ಲಿ ಹಾಕಿ, ಒಳಗೆ ಸಂಶೋಧನೆ ಖರ್ಚು "ಇಲ್ಲ" ಎಂದು ಬರೆದವರನ್ನು ನಾನೇ ನೋಡಿದ್ದೇನೆ.

ಇಷ್ಟು ಮಾಡಿಕೊಂಡು ಹೋದರೆ ಕಾರ್ಖಾನೆಯಲ್ಲಿ ಕಣ್ಣಿಗೆ ಬೀಳುವುದಕ್ಕೆ ಅರ್ಥ ಬರುತ್ತದೆ.

ಒಳಗೆ ಬಿಟ್ಟರೆ ಚಪ್ಪಲಿ ಬಿಡಿಸಿ, ಮೈಮೇಲೊಂದು ಕೋಟು ಹಾಕಿಸಿ, ಫೋನಿನ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುತ್ತಾರೆ. ಕೋಟು ಹಾಕಿಸುವುದು ಮೈಯಲ್ಲಿರುವ ಸ್ಥಿರ ವಿದ್ಯುತ್ತು ಚಿಪ್‌ಗಳನ್ನು ಸುಡದಿರಲಿ ಎಂದು. ಕೋಟೂ ಇಲ್ಲ, ಏನೂ ಇಲ್ಲ, ಸುಮ್ನೆ ಒಳಗೆ ಕರೆದುಕೊಂಡು ಹೋದರೆ ಅದನ್ನೂ ಗಮನಿಸಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: "ಎಸ್‌ಎಂಟಿ ಲೈನ್ ನಿಮ್ಮದೇ ಇದೆಯಾ?" ಬರಿಯ ಬೋರ್ಡಿನ ಮೇಲೆ ಬೆಸುಗೆಯ ಪೇಸ್ಟ್ ಹಚ್ಚಿ, ಯಂತ್ರ ಒಂದೊಂದೇ ಪುಟ್ಟ ಬಿಡಿಭಾಗವನ್ನು ಎತ್ತಿ ಕೂರಿಸಿ, ಸುಮಾರು 240 ಡಿಗ್ರಿ ಬಿಸಿಯ ಓವನ್ನಿನಲ್ಲಿ ಹಾಯಿಸಿ, ಕ್ಯಾಮೆರಾದಿಂದ ಬೆಸುಗೆ ಪರೀಕ್ಷಿಸುವ ಸಾಲು ಅದು. ಅದಿದ್ದರೆ ಅವರು ಬೋರ್ಡು ತಯಾರಿಸುತ್ತಾರೆ. ಇಲ್ಲದಿದ್ದರೆ ತಯಾರಾದ ಬೋರ್ಡು ತರಿಸಿಕೊಂಡು, ಸೆಲ್, ಸ್ಪೀಕರ್, ಮೈಕ್ ಜೋಡಿಸಿ, ಪ್ಲಾಸ್ಟಿಕ್ ಕವಚಕ್ಕೆ ಅಂಟು ಹಾಕಿ, ಫೋನಿಗೆ ಜೋಡಿಯಾಗುತ್ತದಾ ನೋಡಿ ಬಾಕ್ಸಿಗೆ ತುಂಬುತ್ತಾರೆ.

ಎರಡನೆಯದು ಮೋಸ ಅಲ್ಲ. ನಮ್ಮೂರಿನ ದಾಲ್ ಮಿಲ್ಲಿನವರು ತೊಗರಿ ಬೆಳೆಯುವುದಿಲ್ಲ. ಕೊಂಡು ತಂದು, ಬೇಳೆ ಮಾಡಿ, ತಮ್ಮ ಹೆಸರಿನ ಚೀಲದಲ್ಲಿ ಮಾರುತ್ತಾರೆ, ಚೆನ್ನಾಗಿಯೇ ದುಡಿಯುತ್ತಾರೆ. ಆದರೆ ಮಿಲ್ಲಿಗೆ ಕೊಡುವ ಬೆಲೆಯೇ ಬೇರೆ, ಹೊಲಕ್ಕೆ ಕೊಡುವ ಬೆಲೆಯೇ ಬೇರೆ. ಜೋಡಿಸಿ ಮಾರುವ ಕಂಪನಿಗೆ ತಂತ್ರಜ್ಞಾನ ಕಂಪನಿಯ ಬೆಲೆ ಕೊಟ್ಟು ಷೇರು ತೆಗೆದುಕೊಂಡಿದ್ದೀರಾ ಎನ್ನುವುದು ಪ್ರಶ್ನೆ.

ಓಡಾಡುವಾಗ ಹೊಳೆಯುವ ಯಂತ್ರಗಳನ್ನು ಅವರೇ ತೋರಿಸುತ್ತಾರೆ. ನೀವು ನೋಡಬೇಕಾದ್ದು ಮೂಲೆಯಲ್ಲಿರುವ ರಿಪೇರಿ ಮೇಜು. ಅಲ್ಲಿ ಎಷ್ಟು ಜನ ಕೂತಿದ್ದಾರೆ, ಮುಂದೆ ಎಷ್ಟು ಟ್ರೇ ರಾಶಿ ಬಿದ್ದಿದೆ. ಗೋಡೌನು ತೋರಿಸಿದರೆ ರಟ್ಟಿನ ಪೆಟ್ಟಿಗೆಗಳ ಮೇಲಿನ ತಿಂಗಳು ಓದಿ, ಅದು ನಿಮಗೆ ಅಭ್ಯಾಸವಾಗಿರುವ ಕೆಲಸ. ಚಾರ್ಜ್ ಹಾಕಿ ಗಂಟೆಗಟ್ಟಲೆ ಓಡಿಸಿ ನೋಡುವ ಕಪಾಟುಗಳು ಖಾಲಿ ಇವೆಯಾ ನೋಡಿ. ಸರಕು ಅವಸರದಲ್ಲಿ ಹೊರಟಾಗ ಮೊದಲು ಕತ್ತರಿ ಬೀಳುವುದು ಈ ಪರೀಕ್ಷೆಗೇ. ಆಮೇಲೆ ಚಿಪ್ ಯಾರದು ಎಂದು ಕೇಳಿ. ಬ್ಲೂಟೂತ್ ಇಯರ್‌ಬಡ್‌ನ ಬುದ್ಧಿಯೆಲ್ಲ ಒಂದು ಚಿಪ್‌ನಲ್ಲಿರುತ್ತದೆ. ಕ್ವಾಲ್‌ಕಾಮ್, ಐರೋಹಾ, ಬೆಸ್‌ಟೆಕ್ನಿಕ್, ಜಿಯೆಲಿ ಇಂಥ ಕೆಲವೇ ಕಂಪನಿಗಳು ಅದನ್ನು ಮಾಡುತ್ತವೆ, ಜೊತೆಗೆ ಸಾಫ್ಟ್‌ವೇರನ್ನೂ ಕೊಡುತ್ತವೆ. ಹಾಗಾದರೆ ನಿಮ್ಮ ಕಂಪನಿಯ ಸ್ವಂತದ್ದು ಏನು? ಹೊರ ರೂಪವಾ, ಶಬ್ದ ಹೊಂದಿಸುವ ಕೆಲಸವಾ, ಗದ್ದಲ ತಡೆಯುವ ಸಾಫ್ಟ್‌ವೇರಾ, ಬರೀ ಹೆಸರಾ? ನೇರವಾಗಿ ಕೇಳಿ. ಒಳ್ಳೆಯ ಎಂಜಿನಿಯರ್ ಈ ಪ್ರಶ್ನೆಗೆ ಖುಷಿಯಾಗುತ್ತಾನೆ. ಮಾರ್ಕೆಟಿಂಗ್‌ನವರು ವಿಷಯ ಬದಲಿಸುತ್ತಾರೆ.

"ನಮ್ಮ ಹತ್ತಿರ ಪೇಟೆಂಟ್ ಇದೆ" ಎಂದರೆ ಸಂಖ್ಯೆ ಬರೆದುಕೊಳ್ಳಿ. ಭಾರತದ ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ಕಾಸು ಕೊಡದೆ ಹುಡುಕಬಹುದು. ಅರ್ಜಿ ಹಾಕಿರುವುದು ಬೇರೆ, ಪೇಟೆಂಟ್ ಸಿಕ್ಕಿರುವುದು ಬೇರೆ. ಸಿಕ್ಕರೂ ಅದರ ಆಯುಸ್ಸು ಅರ್ಜಿಯ ದಿನದಿಂದ 20 ವರ್ಷ. ಹಾಡಿನ ಫೈಲನ್ನು ಚಿಕ್ಕದು ಮಾಡುವ ಎಂಪಿ3 ತಂತ್ರ ಹುಟ್ಟಿದ್ದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ. ಅದರ ಲೈಸೆನ್ಸ್ ವಸೂಲಿಯೂ 2017ರ ಏಪ್ರಿಲ್‌ನಲ್ಲಿ ನಿಂತುಹೋಯಿತು.

ಈಗ ಒಂದು ಹಳೇ ಕತೆ. ನೀವು ಹೋಗುತ್ತಿರುವುದು ಹೈದರಾಬಾದ್‌ಗೇ ಆದ್ದರಿಂದ ಹೇಳಲೇಬೇಕು. 2001ರ ಅಕ್ಟೋಬರ್ 23ರಂದು ಆಪಲ್ ಕಿಸೆಯಲ್ಲಿಟ್ಟು ಹಾಡು ಕೇಳುವ ಮೊದಲ ಐಪಾಡ್ ತೋರಿಸಿತು. 5 ಜಿಬಿಯ ಪುಟ್ಟ ಹಾರ್ಡ್ ಡಿಸ್ಕ್, 399 ಡಾಲರ್ ಬೆಲೆ. ಅದರೊಳಗೆ ಹಾಡು ಬಿಚ್ಚಿ ನುಡಿಸುವ ಮುಖ್ಯ ಚಿಪ್ ಆಪಲ್‌ನದಲ್ಲ, ಪೋರ್ಟಲ್‌ಪ್ಲೇಯರ್ ಎಂಬ ಅಮೆರಿಕದ ಸಣ್ಣ ಕಂಪನಿಯದು. ಆ ಕಂಪನಿಯ ಎಂಜಿನಿಯರಿಂಗ್ ತಂಡದ ದೊಡ್ಡ ಭಾಗ ಇದ್ದದ್ದು ಹೈದರಾಬಾದ್‌ನಲ್ಲಿ. ಜಗತ್ತೆಲ್ಲ ಕಿವಿಗೆ ಬಿಳಿ ತಂತಿ ಸಿಕ್ಕಿಸಿಕೊಂಡು ತಿರುಗುತ್ತಿದ್ದಾಗ, ಅದರ ಒಳಗಿನ ಕೆಲಸದಲ್ಲಿ ನಮ್ಮಿಂದ ನಾಲ್ಕೈದು ಗಂಟೆ ದೂರದ ಊರಿನವರ ಕೈ ಇತ್ತು. ಇದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು?

2004ರ ನವೆಂಬರ್‌ನಲ್ಲಿ ಆ ಕಂಪನಿ ಅಮೆರಿಕದ ಮಾರುಕಟ್ಟೆಗೆ ಬಂತು, ಷೇರಿಗೆ 17 ಡಾಲರ್‌ನಂತೆ. ಐಪಾಡ್ ಓಡಿದಂತೆ ಷೇರೂ ಓಡಿತು. 2005ರಲ್ಲಿ ಒಬ್ಬ ಸಣ್ಣ ಷೇರುದಾರ ಅವರ ಹೈದರಾಬಾದ್ ಆಫೀಸಿಗೆ ಹೋಗಿದ್ದರೆ ಏನು ಕಾಣುತ್ತಿತ್ತು? ಚುರುಕಾದ ಹುಡುಗರು, ತುಂಬಿದ ಮೇಜುಗಳು, ನಿಜವಾದ ಕೆಲಸ. ಸಂತೋಷದಿಂದ ಮನೆಗೆ ಬಂದು ಇನ್ನಷ್ಟು ಷೇರು ತೆಗೆದುಕೊಳ್ಳುತ್ತಿದ್ದ. 2006ರ ಏಪ್ರಿಲ್‌ನಲ್ಲಿ ಕಂಪನಿ ಒಂದು ಸುದ್ದಿ ಹೇಳಿತು: ಹಾರ್ಡ್ ಡಿಸ್ಕ್ ಬದಲು ಫ್ಲ್ಯಾಶ್ ಮೆಮೊರಿ ಇರುವ ಮುಂದಿನ ಐಪಾಡ್‌ಗಳಿಗೆ ಆಪಲ್ ನಮ್ಮ ಹೊಸ ಚಿಪ್ ಆರಿಸಿಲ್ಲ. ಷೇರು ಧೊಪ್ಪನೆ ಬಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ದೊಡ್ಡ ಚಿಪ್ ಕಂಪನಿ ಎನ್‌ವಿಡಿಯಾ ಷೇರಿಗೆ 13.50 ಡಾಲರ್‌ನಂತೆ ಇಡೀ ಕಂಪನಿಯನ್ನು ಕೊಳ್ಳುವುದಾಗಿ ಹೇಳಿತು, 2007ರ ಜನವರಿಯಲ್ಲಿ ಕೊಂಡು ಮುಗಿಸಿತು. ಮೊದಲ ದಿನ 17ಕ್ಕೆ ಕೊಂಡು ಹಿಡಿದಿಟ್ಟವನಿಗೂ ನಷ್ಟ. ಎಂಜಿನಿಯರ್‌ಗಳು ಕೆಟ್ಟವರಾಗಿರಲಿಲ್ಲ, ಸರಕು ಕಳಪೆಯಾಗಿರಲಿಲ್ಲ. ಹೆಚ್ಚುಕಡಿಮೆ ಗಿರಾಕಿ ಒಬ್ಬನೇ ಇದ್ದ, ಅಷ್ಟೇ. ಅದು ಕಾರ್ಖಾನೆಯಲ್ಲಿ ಕಾಣುವ ವಿಷಯ ಅಲ್ಲ, ಕಾಗದದಲ್ಲಿ ಕಾಣುವ ವಿಷಯ. ಮೊದಲೇ ಅವರು ಸಲ್ಲಿಸಿದ್ದ ದಾಖಲೆಗಳಲ್ಲಿ ಕಪ್ಪು ಅಕ್ಷರದಲ್ಲಿ ಇತ್ತು.

ಮೊದಲು ಬಂದವರಿಗೇ ಗೆಲುವು ಎನ್ನುವ ಮಾತೂ ಈ ಧಂದೆಯಲ್ಲಿ ನಡೆಯಲಿಲ್ಲ. 1998ರಲ್ಲಿ ಬಂದ ಡೈಮಂಡ್ ರಿಯೋ ಎಂಬ ಎಂಪಿ3 ಪ್ಲೇಯರ್‌ನಲ್ಲಿ ಇದ್ದದ್ದು 32 ಎಂಬಿ, ಅಂದರೆ ಹೆಚ್ಚುಕಡಿಮೆ ಅರ್ಧ ಗಂಟೆಯ ಹಾಡು. ಅಮೆರಿಕದ ಸಂಗೀತ ಕಂಪನಿಗಳ ಕೂಟ ಅದರ ಮೇಲೆ ಕೇಸು ಹಾಕಿ ಸೋತಿತು. ಕೋರ್ಟಿನಲ್ಲಿ ಗೆದ್ದ ಆ ರಿಯೋ ಕೈ ಬದಲಾಗಿ ಸೋನಿಕ್‌ಬ್ಲೂ ಎಂಬ ಕಂಪನಿಯ ಹತ್ತಿರ ಹೋಯಿತು, ಆ ಕಂಪನಿ 2003ರಲ್ಲಿ ದಿವಾಳಿ ಎದ್ದಿತು. ಸ್ಯಾನ್ ಡಿಯಾಗೋದ ಇ.ಡಿಜಿಟಲ್ ಇನ್ನೊಂದು ದಾರಿ ಹಿಡಿಯಿತು. ಫ್ಲ್ಯಾಶ್ ಮೆಮೊರಿಯಲ್ಲಿ ಧ್ವನಿ ರೆಕಾರ್ಡ್ ಮಾಡುವ ಪುಟ್ಟ ಯಂತ್ರದ ಕೆಲಸ ಬಹಳ ಮುಂಚೆಯೇ ಮಾಡಿತ್ತು. ವಿಮಾನದಲ್ಲಿ ಪ್ರಯಾಣಿಕರ ಕೈಗೆ ಕೊಡುವ ಪ್ಲೇಯರ್ ಮಾಡಿತು. ಆಮೇಲೆ ಹಳೇ ಪೇಟೆಂಟ್ ಹಿಡಿದುಕೊಂಡು ದೊಡ್ಡ ಕಂಪನಿಗಳ ಮೇಲೆ ಕೇಸು ಹಾಕಿ ಹಣ ಪಡೆಯಿತು. ಇಂಥ ಕಂಪನಿಗೆ ಹೋಗಿ ನೋಡಿದರೆ ಕಾಣುವುದು ಒಂದು ಚಿಕ್ಕ ಆಫೀಸು ಮಾತ್ರ. ಬೆಲೆ ಇರುವುದು ವಕೀಲರ ಫೈಲಿನಲ್ಲಿ.

ಅಂದಹಾಗೆ, ಹೈದರಾಬಾದ್ ಹತ್ತಿರದ ಕೊಂಗರ ಕಲಾನ್‌ನಲ್ಲಿ ಫಾಕ್ಸ್‌ಕಾನ್ ಗುಂಪಿನವರು ಆಪಲ್‌ನ ಇಯರ್‌ಬಡ್ ಆದ ಏರ್‌ಪಾಡ್ ತಯಾರಿಸುತ್ತಾರೆ. ಅದರ ಹೆಸರು ಹೇಳಿಕೊಂಡು "ಹೈದರಾಬಾದ್ ಇಯರ್‌ಬಡ್ ಷೇರು, ಬೇಗ ಹಿಡೀರಿ" ಎಂದು ಯಾರಾದರೂ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ನಂಬಬೇಡಿ. ಆ ಕಾರ್ಖಾನೆ ನಡೆಸುವವರ ಷೇರು ನಮ್ಮ ಬಿಎಸ್‌ಇಯಲ್ಲಿ ಇಲ್ಲ, ಹಾಂಗ್‌ಕಾಂಗ್‌ನಲ್ಲಿದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಮಾತಿನ ನಡುವೆ ಯಾರೋ ಮ್ಯಾನೇಜರ್ ಚಹಾ ಕುಡಿಯುತ್ತಾ, "ಮುಂದಿನ ತಿಂಗಳು ದೊಡ್ಡ ಆರ್ಡರ್ ಬರ್ತಿದೆ ಸರ್, ಯಾರಿಗೂ ಹೇಳ್ಬೇಡಿ" ಎಂದುಬಿಟ್ಟ ಎಂದುಕೊಳ್ಳಿ. ನಿಮ್ಮ ಎದೆ ಢವಢವ ಅನ್ನುತ್ತದೆ. ಆದರೆ ಆ ಕ್ಷಣದಿಂದ ನೀವು ಷೇರು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಇನ್ನೊಬ್ಬರಿಗೆ ಹೇಳುವಂತಿಲ್ಲ. ಬೆಲೆ ಅಲುಗಾಡಿಸುವಂಥ, ಇನ್ನೂ ಹೊರಗೆ ಬಾರದ ಸುದ್ದಿ ಯಾರ ಕೈಯಲ್ಲಿದೆಯೋ ಅವರನ್ನು ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ 2015ರ ನಿಯಮಗಳು ಇನ್‌ಸೈಡರ್, ಅಂದರೆ ಒಳಗಿನವರು, ಎನ್ನುತ್ತವೆ. ಕಂಪನಿಯಲ್ಲಿ ಕೆಲಸ ಮಾಡುತ್ತಿರಬೇಕು ಎಂದೇನಿಲ್ಲ. ದಂಡ ಕನಿಷ್ಠ 10 ಲಕ್ಷ ರೂಪಾಯಿ. 25 ಕೋಟಿ ಅಥವಾ ಆದ ಲಾಭದ ಮೂರು ಪಟ್ಟು, ಎರಡರಲ್ಲಿ ಯಾವುದು ಜಾಸ್ತಿಯೋ ಅಲ್ಲಿಯವರೆಗೂ ಹೋಗಬಹುದು. ನಿಮ್ಮ 300 ಷೇರಿನ ಬೆಲೆಗೆ ಹೋಲಿಸಿ ನೋಡಿ. ಹಾಗಾಗಿ ಮಾತು ಆ ಕಡೆ ತಿರುಗಿದರೆ ನೀವೇ ತಡೆಯಿರಿ: "ಸರ್, ಎಕ್ಸ್‌ಚೇಂಜಿಗೆ ಹೇಳಿರುವುದನ್ನು ಮಾತ್ರ ನನಗೆ ಹೇಳಿ." ಬಾಗಿಲಲ್ಲಿ ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಕೇಳಿದರೆ ಓದದೆ ಹಾಕಬೇಡಿ. ಫೋಟೋ ತೆಗೆಯಬಾರದು, ಯಂತ್ರದ ವಿವರ ಹೇಳಬಾರದು ಎಂದಿದ್ದರೆ ಸರಿ. ಬೆಲೆಗೆ ಸಂಬಂಧಿಸಿದ ಸುದ್ದಿ ಕೊಡುತ್ತೇವೆ ಎಂಬ ಅರ್ಥ ಬಂದರೆ, ಬೇಡ ಎಂದು ಹೊರಗೇ ಕೂತು ಮಾತಾಡಿ ಬನ್ನಿ.

ನಿಮ್ಮ ಅಂಗಡಿಯ ಲೆಕ್ಕಕ್ಕೆ ಈ ಭಯ ಇಲ್ಲ. ನಿಮ್ಮ ಕೌಂಟರಿನಲ್ಲಿ ಏನು ಓಡಿತು, ಏನು ವಾಪಸ್ ಬಂತು ಎಂಬುದು ನೀವೇ ಕಣ್ಣಾರೆ ಕಂಡದ್ದು. ಅದನ್ನು ನೋಡಿ ಷೇರು ಕೊಂಡರೂ ಮಾರಿದರೂ ತಪ್ಪಿಲ್ಲ.

ಇನ್ನೊಂದು ಅಪಾಯ ಕಾನೂನಿನದಲ್ಲ, ಮನಸ್ಸಿನದು. ಕಂಪನಿಯವರು ನಿಮ್ಮನ್ನು ಚೆನ್ನಾಗಿ ನೋಡಿಕೊಂಡರೆ, ಊಟ ಹಾಕಿಸಿದರೆ, ಎಂ.ಡಿ.ಯೇ ಬಂದು ಕೈಕುಲುಕಿದರೆ ಷೇರಿನ ಮೇಲೆ ಮಮತೆ ಹುಟ್ಟುತ್ತದೆ. ಆಮೇಲೆ ಮಾರಬೇಕಾದ ದಿನ ಕೈ ಬರುವುದಿಲ್ಲ. ಅದಕ್ಕೇ ಹೋಗುವ ಮುಂಚೆಯೇ ಒಂದು ಚೀಟಿಯಲ್ಲಿ ಬರೆದಿಡಿ, ಯಾವ ಉತ್ತರ ಬಂದರೆ ಷೇರು ಉಳಿಸಿಕೊಳ್ಳುತ್ತೇನೆ, ಯಾವುದು ಬಂದರೆ ಮಾರುತ್ತೇನೆ ಎಂದು. ಬಂದ ಮೇಲೆ ಬರೆದರೆ ಚಹಾದ ರುಚಿ ಅದರೊಳಗೆ ಸೇರಿಬಿಡುತ್ತದೆ.

ಪತ್ರಕ್ಕೆ ಉತ್ತರವೇ ಬರದಿದ್ದರೆ? ಎರಡು ದಾರಿ ಇವೆ. ದೊಡ್ಡ ಹೂಡಿಕೆದಾರರನ್ನು, ಅನಲಿಸ್ಟ್‌ಗಳನ್ನು ಗುಂಪಾಗಿ ಕರೆಯುವ ಸಭೆ ಇದ್ದರೆ ಕಂಪನಿ ಎಕ್ಸ್‌ಚೇಂಜಿಗೆ ಮುಂಚೆಯೇ ತಿಳಿಸಬೇಕು. ಬಿಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ಪ್ರಕಟಣೆಗಳನ್ನು ನೋಡುತ್ತಿರಿ. ಪ್ಲಾಂಟ್ ವಿಸಿಟ್ ಎಂದು ಕಂಡರೆ, "ಅದೇ ದಿನ ನಾನೂ ಬರುತ್ತೇನೆ, ಸೇರಿಸಿಕೊಳ್ಳಿ" ಎಂದು ಬರೆಯಿರಿ. ಎಲ್ಲರಿಗೂ ತೋರಿಸುವುದನ್ನು ನಿಮಗೆ ತೋರಿಸಲು ಅವರಿಗೂ ಮುಜುಗರ ಇರುವುದಿಲ್ಲ.

ಎರಡನೆಯ ದಾರಿ ವಾರ್ಷಿಕ ಸಾಮಾನ್ಯ ಸಭೆ, ಎಜಿಎಂ. ಇದು ಮಾತ್ರ ನಿಮ್ಮ ಹಕ್ಕು, ಯಾರ ಅಪ್ಪಣೆಯೂ ಬೇಕಿಲ್ಲ. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಂಪನಿ ಸೆಪ್ಟೆಂಬರ್ ಕೊನೆಯೊಳಗೆ ಎಜಿಎಂ ಮಾಡಬೇಕು. 21 ದಿನ ಮುಂಚೆ ನೋಟಿಸು, ಲೆಕ್ಕಪತ್ರ ಕಳಿಸಬೇಕು. ಸಭೆ ಜನ ಸೇರಿ ನಡೆಯುವುದಾದರೆ ನೋಂದಾಯಿತ ಕಚೇರಿ ಇರುವ ಊರಿನಲ್ಲೇ ನಡೆಯಬೇಕು, ಅಂದರೆ ನಿಮ್ಮ ಲೆಕ್ಕದಲ್ಲಿ ಹೈದರಾಬಾದ್. ಬೆಳಿಗ್ಗೆ ವಾಡಿ, ತಾಂಡೂರು ಮೇಲೆ ಹೋಗುವ ರೈಲು ಹತ್ತಿದರೆ ಆಯಿತು. 2020ರಿಂದ ವಿಡಿಯೋ ಮೂಲಕ ನಡೆಸಲೂ ಸರ್ಕಾರ ಅವಕಾಶ ಕೊಟ್ಟಿದೆ, ಬಹಳ ಕಂಪನಿಗಳು ಹಾಗೇ ಮಾಡುತ್ತವೆ. ಆಗ ಅಂಗಡಿಯಲ್ಲಿ ಕೂತೇ ಮಾತಾಡಬಹುದು. ಮಾತಾಡುವವರು ಮುಂಚೆಯೇ ಹೆಸರು ಕೊಡಬೇಕು. ಆ ಇಮೇಲ್ ವಿಳಾಸ ಮತ್ತು ಕೊನೆಯ ದಿನ ನೋಟಿಸಿನ ಹಿಂದಿನ ಪುಟಗಳಲ್ಲಿ ಚಿಕ್ಕ ಅಕ್ಷರದಲ್ಲಿರುತ್ತದೆ, ಹೆಚ್ಚಿನವರು ತಪ್ಪಿಸಿಕೊಳ್ಳುವುದು ಅಲ್ಲೇ. ಒಂದು ಕಾಲದಲ್ಲಿ ಮಿಠಾಯಿ ಪೊಟ್ಟಣಕ್ಕೆಂದೇ ಎಜಿಎಂಗೆ ಬರುವವರಿದ್ದರು. ಈಗಿನ ನಿಯಮದಲ್ಲಿ ಉಡುಗೊರೆ ಕೊಡುವಂತಿಲ್ಲ.

ಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ, ಅದನ್ನೂ ಮುಂಚೆಯೇ ಬರೆದು ಕಳಿಸಿ. ನಿಮಗಾದರೆ ನಾನು ಇವನ್ನು ಕೊಡುತ್ತೇನೆ. "ನನ್ನ ಅಂಗಡಿಗೆ ಈ ತಿಂಗಳು ಬಂದ ಸರಕು ಇಷ್ಟು ತಿಂಗಳ ಹಿಂದಿನದು, ಡಿಸ್ಟ್ರಿಬ್ಯೂಟರ್ ಹತ್ತಿರ ಉಳಿದ ಸರಕನ್ನು ನೀವು ವಾಪಸ್ ತೆಗೆದುಕೊಳ್ಳುವ ಒಪ್ಪಂದ ಇದೆಯಾ?" "ನಿಮ್ಮ ಅತಿ ದೊಡ್ಡ ಗಿರಾಕಿ ನಾಳೆ ಬೇರೆಯವರ ಹತ್ತಿರ ಮಾಡಿಸಿಕೊಂಡರೆ ನಿಮ್ಮ ಕಾರ್ಖಾನೆಯ ಸಾಲುಗಳಲ್ಲಿ ಏನು ತಯಾರಾಗುತ್ತದೆ?" ಉತ್ತರ ಎಲ್ಲ ಷೇರುದಾರರ ಎದುರು ಬರುವುದರಿಂದ ಗುಟ್ಟಿನ ತಂಟೆಯೂ ಇಲ್ಲ. ಕಾನೂನಿನಂತೆ ಸಿಗಬೇಕಾದ ವಾರ್ಷಿಕ ವರದಿಯನ್ನು ಕೊಡದೆ ಸತಾಯಿಸಿದರೆ ಸೆಬಿಯ ಸ್ಕೋರ್ಸ್ ಎಂಬ ವೆಬ್‌ಸೈಟಿನಲ್ಲಿ ದೂರು ಹಾಕಿ, 21 ದಿನದೊಳಗೆ ಕಂಪನಿ ಉತ್ತರ ಕೊಡಬೇಕು. ಕಾರ್ಖಾನೆ ತೋರಿಸಲಿಲ್ಲ ಎಂದು ಮಾತ್ರ ಅಲ್ಲಿ ದೂರು ಹಾಕಬೇಡಿ, ನಿಲ್ಲುವುದಿಲ್ಲ.

ಮಗನ ವಿಷಯ. ಕಾರ್ಖಾನೆಗೆ ಕರೆದುಕೊಂಡು ಹೋಗುವುದಾದರೆ ಪತ್ರದಲ್ಲೇ ಅವನ ಹೆಸರೂ ಹಾಕಿ, ಗೇಟಿನಲ್ಲಿ ಗುರುತಿನ ಚೀಟಿ ಇರಲಿ. ಎಜಿಎಂಗೆ ನಿಮ್ಮ ಬದಲು ಅವನನ್ನು ಪ್ರಾಕ್ಸಿಯಾಗಿ ಕಳಿಸುವ ಯೋಚನೆ ಇದ್ದರೆ, ಪ್ರಾಕ್ಸಿ ಕೂತು ಮತ ಹಾಕಬಹುದು, ಮಾತಾಡುವಂತಿಲ್ಲ. ಪ್ರಶ್ನೆ ಕೇಳುವ ಆಸೆ ಅವನಿಗೂ ಇದ್ದರೆ ಅವನ ಹೆಸರಿನಲ್ಲೇ ಒಂದು ಷೇರು ತೆಗೆದುಕೊಡಿ.